ಬೆಕ್ಕಿನ ವಾಸನೆ, ಬೋನಿನ ನೆನಪು: ಇಲಿಯ ಮೆದುಳಿನಲ್ಲಿ ಭಯದ ಎರಡು ದಾರಿಗಳು

ಯಶವಂತಪುರದ ಎಪಿಎಂಸಿ ಯಾರ್ಡ್‌ನಲ್ಲಿ ಬೇಳೆಕಾಳುಗಳ ದಾಸ್ತಾನು ಇಟ್ಟುಕೊಂಡಿರುವ ವರ್ತಕರಿಗೆ ಇಲಿಗಳ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೋದಾಮಿನಲ್ಲಿ ಒಂದು ಬೆಕ್ಕು ಓಡಾಡಿಕೊಂಡಿದ್ದರೆ ಸಾಕು, ಅದು ಇಲಿ ಹಿಡಿಯಲಿ ಬಿಡಲಿ, ಮೂಟೆಗಳ ನಡುವಿನ ಸರಸರ ಸದ್ದು ತಗ್ಗುತ್ತದೆ ಎಂಬುದು ಅಲ್ಲಿ ಕೇಳಿಬರುವ ಒಂದು ಮಾತು. ಬೋನಿನ ಬಾಗಿಲು ಬಾಲಕ್ಕೆ ಬಡಿದು ಹೇಗೋ ತಪ್ಪಿಸಿಕೊಂಡ ಇಲಿ, ಒಳಗೆ ಎಂಥ ಸುಟ್ಟ ಕೊಬ್ಬರಿಯ ಚೂರನ್ನು ಸಿಕ್ಕಿಸಿಟ್ಟರೂ, ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ ಎಂಬುದು ಇನ್ನೊಂದು ಮಾತು. ಎರಡೂ ಭಯದ ಮಾತುಗಳೇ. ಆದರೆ ಬೆಕ್ಕಿಗೆ ಹೆದರಲು ಇಲಿಗೆ ಬೆಕ್ಕಿನ ಅನುಭವ ಬೇಕಾಗಿಲ್ಲ, ಬೋನಿಗೆ ಹೆದರಲು ಬೋನಿನ ಪೆಟ್ಟು ಬೇಕು. ಮೊದಲನೆಯದನ್ನು ಜನ್ಮಜಾತ ಭಯವೆಂದೂ ಎರಡನೆಯದನ್ನು ಕಲಿತ ಭಯವೆಂದೂ ಕರೆಯೋಣ. ಇವೆರಡೂ ಮೆದುಳಿನ ಒಂದೇ ಜಾಗದಲ್ಲಿ ಹುಟ್ಟುತ್ತವೆಯೇ, ಬೇರೆ ಬೇರೆ ಕಡೆ ಹುಟ್ಟುತ್ತವೆಯೇ, ಎರಡೂ ಒಟ್ಟಿಗೆ ಎದುರಾದರೆ ಯಾವುದರ ಮಾತು ನಡೆಯುತ್ತದೆ ಎಂಬ ಪ್ರಶ್ನೆಗಳ ಹಿಂದೆ ಅರ್ಧ ಶತಮಾನಕ್ಕೂ ಹೆಚ್ಚಿನ ಸಂಶೋಧನೆಯಿದೆ, ಮತ್ತು ಅದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ.

ಇಲಿ ಹೆದರಿದೆ ಎಂದು ನಮಗೆ ತಿಳಿಯುವುದು ಅದರ ಮೈಯಿಂದ ಮಾತ್ರ. ಅಪಾಯದ ಸುಳಿವು ಸಿಕ್ಕ ಕೂಡಲೇ ಅದು ಇದ್ದಲ್ಲೇ ಸ್ತಬ್ಧವಾಗುತ್ತದೆ: ಕಾಲುಗಳನ್ನು ಮೈಗೆ ಒತ್ತಿಕೊಂಡು, ಮೀಸೆಯೂ ಅಲುಗದಂತೆ ಕುಳಿತುಬಿಡುತ್ತದೆ, ಉಸಿರಾಟವೊಂದನ್ನು ಬಿಟ್ಟು ಬೇರೆ ಚಲನೆ ಇರುವುದಿಲ್ಲ. ಬೇಟೆಗಾರ ಪ್ರಾಣಿಗಳ ಕಣ್ಣು ಅಲುಗಾಡುವುದನ್ನು ಮೊದಲು ಗುರುತಿಸುವುದರಿಂದ, ಅಪಾಯ ಇನ್ನೂ ದೂರದಲ್ಲಿರುವಾಗ ಕಲ್ಲಿನಂತೆ ಕೂರುವುದು ಓಡುವುದಕ್ಕಿಂತ ಒಳ್ಳೆಯ ಉಪಾಯ. ಅಪಾಯ ಹತ್ತಿರ ಬಂದರೆ ಇಲಿ ಓಡುತ್ತದೆ, ಓಡಲು ಜಾಗವಿಲ್ಲದೆ ಮೈಮೇಲೆ ಬಂದರೆ ತಿರುಗಿ ಕಚ್ಚುತ್ತದೆ. ಅಪಾಯ ಎಷ್ಟು ಸಮೀಪದಲ್ಲಿದೆ ಎಂಬುದರ ಮೇಲೆ ರಕ್ಷಣೆಯ ಬಗೆ ನಿರ್ಧಾರವಾಗುತ್ತದೆ ಎಂಬ ಈ ವಿಚಾರವನ್ನು ಅಮೆರಿಕದ ಮೈಕೆಲ್ ಫ್ಯಾನ್‌ಸೆಲೋ ಅವರು ವಿಸ್ತಾರವಾಗಿ ಬೆಳೆಸಿದರು. ಪ್ರಯೋಗಾಲಯದಲ್ಲಿ ಭಯವನ್ನು ಅಳೆಯುವುದೆಂದರೆ ಬಹುಪಾಲು ಈ ಸ್ತಬ್ಧತೆ ಎಷ್ಟು ಹೊತ್ತು ಇತ್ತು ಎಂದು ಎಣಿಸುವುದೇ ಆಗಿದೆ.

ಗೊಂದಲ ಶುರುವಾದದ್ದೂ ಇಲ್ಲಿಂದಲೇ. ಬೆಕ್ಕಿನ ವಾಸನೆಗೆ ಸ್ತಬ್ಧವಾದ ಇಲಿಯನ್ನೂ, ಹಿಂದೆ ಪೆಟ್ಟು ತಿಂದ ಪೆಟ್ಟಿಗೆಯೊಳಗೆ ಸ್ತಬ್ಧವಾದ ಇಲಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಯಾವುದು ಯಾವುದೆಂದು ಗುರುತಿಸಲಾಗುವುದಿಲ್ಲ. ಹೊರಗಿನಿಂದ ಒಂದೇ ಆಗಿ ಕಾಣುವುದು ಒಳಗೂ ಒಂದೇ ಆಗಿರಬೇಕು ಎಂದು ಭಾವಿಸುವುದು ಸಹಜ. ಎರಡೂ ಭಯಗಳ ಕೊನೆಯ ಮೆಟ್ಟಿಲು ನಿಜಕ್ಕೂ ಒಂದೇ. ಮಿದುಳುಕಾಂಡದ ಮಧ್ಯಭಾಗದಲ್ಲಿ ದ್ರವ ಹರಿಯುವ ಒಂದು ಕಿರುನಾಳವಿದೆ, ಅದರ ಸುತ್ತ ಬೂದುಬಣ್ಣದ ನರಕೋಶಗಳ ಒಂದು ಕವಚವಿದೆ. ಈ ಬೂದುಕವಚದ ಕೆಳಬದಿಯನ್ನು ಹಾಳುಮಾಡಿದರೆ ಇಲಿ ಬೆಕ್ಕಿನ ಮುಂದೆಯೂ ಸರಿಯಾಗಿ ಸ್ತಬ್ಧವಾಗುವುದಿಲ್ಲ, ಪೆಟ್ಟಿನ ಪೆಟ್ಟಿಗೆಯಲ್ಲೂ ಸ್ತಬ್ಧವಾಗುವುದಿಲ್ಲ. ಆದರೆ ಇದು ಭಯ ಹೊರಬೀಳುವ ಬಾಗಿಲು. ಒಳಗೆ ಬರುವ ಬಾಗಿಲುಗಳು ಬೇರೆ ಬೇರೆ ಎಂಬುದು ಈ ಲೇಖನದ ಮುಖ್ಯ ವಿಷಯ.

ಕಲಿತ ಭಯದ ದಾರಿ ಹೆಚ್ಚು ಸ್ಪಷ್ಟವಾಗಿ ಗೊತ್ತಿರುವುದರಿಂದ ಮೊದಲು ಅದನ್ನೇ ನೋಡೋಣ. ಪ್ರಯೋಗ ಬಹಳ ಸರಳವಾದದ್ದು. ಲೋಹದ ಸರಳುಗಳ ನೆಲವಿರುವ ಪೆಟ್ಟಿಗೆಯಲ್ಲಿ ಇಲಿಯನ್ನು ಬಿಟ್ಟು, ಸುಮಾರು ಅರ್ಧ ನಿಮಿಷ ಒಂದೇ ಶ್ರುತಿಯ ಶಬ್ದವನ್ನು ಕೇಳಿಸಲಾಗುತ್ತದೆ. ಶಬ್ದ ಮುಗಿಯುವ ಹೊತ್ತಿಗೆ ಪಾದಗಳಿಗೆ ಕ್ಷಣಮಾತ್ರದ ಸಣ್ಣ ವಿದ್ಯುತ್ ಆಘಾತ ತಗಲುತ್ತದೆ. ಕೆಲವೇ ಸಲ ಹೀಗಾದರೆ ಸಾಕು, ಮರುದಿನ ಬೇರೊಂದು ಪೆಟ್ಟಿಗೆಯಲ್ಲಿ ಆ ಶಬ್ದ ಮಾತ್ರ ಕೇಳಿಸಿದರೂ ಇಲಿ ಸ್ತಬ್ಧವಾಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಏನೆಂದರೆ, ನೋವಿಗೆ ಬೆಚ್ಚಿಬೀಳುವುದನ್ನು ಇಲಿ ಕಲಿಯಲಿಲ್ಲ, ಅದು ಹುಟ್ಟಿನಿಂದ ಬಂದದ್ದು. ಕಲಿತದ್ದು ಶಬ್ದಕ್ಕೂ ನೋವಿಗೂ ಇರುವ ಸಂಬಂಧವನ್ನು. ಜನ್ಮಜಾತವಾದ ಯಾವುದೋ ಒಂದು ಗುರುವಿನ ಸ್ಥಾನದಲ್ಲಿ ನಿಲ್ಲದಿದ್ದರೆ ಕಲಿತ ಭಯ ಹುಟ್ಟುವುದೇ ಇಲ್ಲ.

ನಮ್ಮ ಊರುಗಳಲ್ಲಿ ಮಕ್ಕಳಿಗೆ ಹೇಳುವ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಇದೇ ಪ್ರಯೋಗ. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಿದಾಗ ಕೃಷ್ಣದೇವರಾಯ ಮನೆಮನೆಗೆ ಬೆಕ್ಕನ್ನೂ ಅದರ ಹಾಲಿಗೆಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣ ಮೊದಲ ದಿನವೇ ಬೆಕ್ಕಿನ ಮುಂದೆ ಕುದಿಯುವ ಹಾಲನ್ನು ಇಟ್ಟದ್ದರಿಂದ, ಬಾಯಿ ಸುಟ್ಟುಕೊಂಡ ಆ ಬೆಕ್ಕು ಮುಂದೆ ಹಾಲಿನ ಬಟ್ಟಲು ಕಂಡರೆ ಓಡತೊಡಗಿತಂತೆ. ಹಾಲು ಬೆಕ್ಕಿಗೆ ಹುಟ್ಟಿನಿಂದ ಭಯದ ವಸ್ತುವಲ್ಲ, ಪ್ರಿಯವಾದ ವಸ್ತು. ಒಂದೇ ಸಲದ ಸುಡುವ ನೋವು ಅದನ್ನು ತಲೆಕೆಳಗು ಮಾಡಿತು. ಆ ಬೆಕ್ಕಿನ ತಲೆಯೊಳಗೆ ಏನು ನಡೆದಿರಬಹುದು ಎಂಬುದನ್ನು ಇಲಿಗಳ ಮೇಲಿನ ಅಧ್ಯಯನಗಳಿಂದ ಈಗ ತಕ್ಕಮಟ್ಟಿಗೆ ಹೇಳಬಹುದು.

ನ್ಯೂಯಾರ್ಕಿನ ಜೋಸೆಫ್ ಲೆಡೂ 1980ರ ದಶಕದಲ್ಲಿ ಶಬ್ದವು ಕಿವಿಯಿಂದ ಹೊರಟು ಎಲ್ಲಿಗೆ ತಲುಪಿದಾಗ ಭಯವಾಗುತ್ತದೆ ಎಂಬುದನ್ನು ಹಿಂಬಾಲಿಸಿಕೊಂಡು ಹೋದರು. ಕೇಳಿದ್ದನ್ನು ವಿವರವಾಗಿ ಅರ್ಥಮಾಡಿಕೊಳ್ಳುವ ಮೆದುಳಿನ ಹೊರಪದರದ ಭಾಗವನ್ನು ಹಾಳುಮಾಡಿದರೂ ಇಲಿಗಳು ಶಬ್ದಕ್ಕೆ ಹೆದರುವುದನ್ನು ಕಲಿತವು. ಅದಕ್ಕಿಂತ ಒಂದು ಹಂತ ಕೆಳಗಿರುವ, ಇಂದ್ರಿಯಗಳ ಸುದ್ದಿಯನ್ನು ವಿಂಗಡಿಸಿ ಕಳಿಸುವ ಥಲಾಮಸ್ ಎಂಬ ಭಾಗವನ್ನು ಹಾಳುಮಾಡಿದರೆ ಕಲಿಯಲಿಲ್ಲ. ಎಂದರೆ ಥಲಾಮಸ್‌ನಿಂದ ಹೊರಪದರವನ್ನು ಬಳಸದೆ ನೇರವಾಗಿ ಬೇರೆಲ್ಲಿಗೋ ಹೋಗುವ ಅಡ್ಡದಾರಿಯೊಂದು ಇರಲೇಬೇಕಾಗಿತ್ತು. ಅದು ಹೋಗಿ ಸೇರುತ್ತಿದ್ದದ್ದು ಅಮಿಗ್ಡಲಕ್ಕೆ. ಗ್ರೀಕ್ ಭಾಷೆಯಲ್ಲಿ ಬಾದಾಮಿ ಎಂಬ ಅರ್ಥದ ಈ ಹೆಸರಿನ ಭಾಗ ಮೆದುಳಿನ ಎರಡೂ ಪಕ್ಕಗಳ ಒಳಗೆ ಒಂದೊಂದಿದೆ. ಈ ಅಡ್ಡದಾರಿಯಲ್ಲಿ ಶಬ್ದದ ಸುದ್ದಿ ಸುಮಾರು 12 ಮಿಲಿಸೆಕೆಂಡುಗಳಲ್ಲಿ ಅಮಿಗ್ಡಲವನ್ನು ತಲುಪುತ್ತದೆ. ಕೇಳಿದ್ದು ಏನೆಂದು ಪೂರ್ತಿ ತಿಳಿಯುವ ಮೊದಲೇ ಮೈ ಸಿದ್ಧವಾಗಿರುತ್ತದೆ.

ಅಮಿಗ್ಡಲವನ್ನು ಒಂದೇ ಕಾಳು ಎಂದು ಭಾವಿಸಬಾರದು. ಅದರೊಳಗೆ ಬೇರೆ ಬೇರೆ ಕಸುಬಿನ ಹತ್ತಾರು ಕೋಶಗುಂಪುಗಳಿವೆ, ಮತ್ತು ಈ ವಿಷಯದಲ್ಲಿನ ಮುಕ್ಕಾಲು ತಪ್ಪುಗ್ರಹಿಕೆಗಳು ಹುಟ್ಟುವುದು ಅವೆಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಎಂದು ನನಗೆ ಅನಿಸುತ್ತದೆ. ಕಲಿತ ಭಯಕ್ಕೆ ಮುಖ್ಯವಾದದ್ದು ಹೊರಬದಿಯ ಗುಂಪು. ಶಬ್ದದ ಸುದ್ದಿಯೂ ನೋವಿನ ಸುದ್ದಿಯೂ ಬಂದು ಕೂಡುವುದು ಇಲ್ಲಿನ ನರಕೋಶಗಳ ಮೇಲೆ. ಈ ಕೋಶಗಳ ಮೇಲೆ ಎನ್‌ಎಂಡಿಎ ಎಂಬ ಹೆಸರಿನ ಗ್ರಾಹಕಗಳಿವೆ, ಎಂದರೆ ರಾಸಾಯನಿಕ ಸಂಕೇತವನ್ನು ಹಿಡಿದು ತೆರೆಯುವ ಕಿರುಬಾಗಿಲುಗಳು. ಬ್ಯಾಂಕಿನ ಲಾಕರ್ ತೆರೆಯಲು ನಮ್ಮ ಕೀಲಿಯೂ ಬೇಕು, ಬ್ಯಾಂಕಿನವರ ಕೀಲಿಯೂ ಬೇಕು, ಒಂದರಿಂದ ಆಗುವುದಿಲ್ಲ. ಈ ಗ್ರಾಹಕವೂ ಹಾಗೆಯೇ. ಶಬ್ದದ ಎಳೆಯಿಂದ ರಾಸಾಯನಿಕ ಸಂಕೇತ ಬಂದಿರಬೇಕು, ಅದೇ ಹೊತ್ತಿಗೆ ಕೋಶವು ಬಲವಾಗಿ ಪ್ರಚೋದನೆಗೊಂಡಿರಬೇಕು. ಆ ಪ್ರಚೋದನೆಯನ್ನು ತರುವುದು ನೋವು. ಎರಡೂ ಕೂಡಿದಾಗ ಗ್ರಾಹಕ ತೆರೆದುಕೊಂಡು ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಮತ್ತು ಶಬ್ದದ ಎಳೆಗೂ ಆ ಕೋಶಕ್ಕೂ ನಡುವಿನ ಸಂಧಿ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಶಬ್ದವೊಂದೇ ಬಂದರೂ ಕೋಶ ಜೋರಾಗಿ ಉತ್ತರಿಸುತ್ತದೆ. ಈ ಗ್ರಾಹಕಗಳನ್ನು ಔಷಧದಿಂದ ಮುಚ್ಚಿಟ್ಟರೆ ಇಲಿ ಹೊಸ ಭಯವನ್ನು ಕಲಿಯುವುದಿಲ್ಲ ಎಂಬುದು 1990ರಲ್ಲೇ ತಿಳಿದಿತ್ತು.

ಆದರೂ ಸಂಧಿ ಗಟ್ಟಿಯಾಗುವುದೇ ನೆನಪೇ, ಅಥವಾ ನೆನಪಿನ ಜೊತೆಗೆ ನಡೆಯುವ ಇನ್ನೊಂದು ಸಂಗತಿಯೇ ಎಂಬ ಸಂದೇಹ ಬಹಳ ಕಾಲ ಉಳಿದಿತ್ತು. 2014ರಲ್ಲಿ ಸಾದೆಗ್ ನಬವಿ, ರಾಬರ್ಟೊ ಮಾಲಿನೋ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಪ್ರಯೋಗವನ್ನು ಈ ವಿಷಯದ ಅತ್ಯಂತ ಸುಂದರವಾದ ಪ್ರಯೋಗಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ. ಅವರು ಅಮಿಗ್ಡಲಕ್ಕೆ ಶಬ್ದದ ಸುದ್ದಿ ತರುವ ನರದ ಎಳೆಗಳನ್ನು ಬೆಳಕು ಬಿದ್ದರೆ ಮಿಡಿಯುವಂತೆ ಮಾರ್ಪಡಿಸಿ, ಶಬ್ದದ ಬದಲು ಬೆಳಕಿನ ಮಿಡಿತವನ್ನೇ ಆಘಾತದ ಜೊತೆ ಸೇರಿಸಿದರು. ಇಲಿಗಳು ಆ ಮಿಡಿತಕ್ಕೆ ಹೆದರುವುದನ್ನು ಕಲಿತವು. ಬಳಿಕ ಅದೇ ಎಳೆಗಳಿಗೆ, ಸಂಧಿಗಳನ್ನು ಸಡಿಲಗೊಳಿಸುವಂಥ ನಿಧಾನಗತಿಯ ಮಿಡಿತ ಕೊಟ್ಟಾಗ ಭಯ ಮಾಯವಾಯಿತು; ಗಟ್ಟಿಗೊಳಿಸುವಂಥ ವೇಗದ ಮಿಡಿತ ಕೊಟ್ಟಾಗ, ಹೊಸದಾಗಿ ಆಘಾತ ಕೊಡದಿದ್ದರೂ ಭಯ ಮರಳಿತು. ಕಲಿತ ಭಯ ಎಲ್ಲಿ ಬರೆದಿರುತ್ತದೆ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಅದಕ್ಕೆ ಹಿಂದೆ ಸಿಕ್ಕಿರಲಿಲ್ಲ.

ಹೊರಬದಿಯ ಗುಂಪಿನಲ್ಲಿ ಬರೆದದ್ದನ್ನು ಕಾರ್ಯಕ್ಕೆ ಇಳಿಸುವುದು ಅಮಿಗ್ಡಲದ ಮಧ್ಯದ ಗುಂಪು. ಅಲ್ಲಿಂದ ಹೊರಡುವ ನರಗಳಲ್ಲೂ ಕೆಲಸದ ಹಂಚಿಕೆ ಇದೆ. ಬೂದುಕವಚಕ್ಕೆ ಹೋಗುವ ದಾರಿಯನ್ನು ಕಡಿದರೆ ಸ್ತಬ್ಧತೆ ತಪ್ಪುತ್ತದೆ, ಆದರೆ ರಕ್ತದೊತ್ತಡ ಏರುತ್ತಲೇ ಇರುತ್ತದೆ. ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗದ ಪಾರ್ಶ್ವಕ್ಕೆ ಹೋಗುವ ದಾರಿಯನ್ನು ಕಡಿದರೆ ರಕ್ತದೊತ್ತಡ ಏರುವುದಿಲ್ಲ, ಸ್ತಬ್ಧತೆ ಉಳಿಯುತ್ತದೆ. 1988ರ ಈ ಫಲಿತಾಂಶದಿಂದ ಭಯದ ಲಕ್ಷಣಗಳನ್ನು ಸಹ ಒಂದೊಂದಾಗಿ ಬಿಡಿಸಬಹುದು ಎಂದು ತಿಳಿಯಿತು. ಇನ್ನು ಪೆಟ್ಟು ಬಿದ್ದ ಜಾಗವನ್ನು ನೆನಪಿಡುವುದಕ್ಕೆ ಹಿಪ್ಪೊಕ್ಯಾಂಪಸ್ ಎಂಬ ಇನ್ನೊಂದು ಭಾಗದ ನೆರವು ಬೇಕು. ಕಲಿತ ಮರುದಿನವೇ ಅದನ್ನು ಹಾಳುಮಾಡಿದರೆ ಇಲಿ ಶಬ್ದಕ್ಕೆ ಹೆದರುತ್ತದೆ, ಜಾಗಕ್ಕೆ ಹೆದರುವುದಿಲ್ಲ. 28 ದಿನ ಕಳೆದ ಮೇಲೆ ಹಾಳುಮಾಡಿದರೆ ಜಾಗದ ಭಯವೂ ಉಳಿದಿರುತ್ತದೆ ಎಂದು 1992ರಲ್ಲಿ ಜಾನ್‌ಸಕ್ ಕಿಮ್ ಮತ್ತು ಫ್ಯಾನ್‌ಸೆಲೋ ತೋರಿಸಿದರು.

ಈಗ ಬೆಕ್ಕಿನ ಕಡೆಗೆ ಬರೋಣ. ಪ್ರಯೋಗಾಲಯಗಳಲ್ಲಿ ಬಳಸುವ ಬಿಳಿ ಇಲಿಗಳ ವಂಶ ನೂರು ವರ್ಷಕ್ಕೂ ಮೇಲ್ಪಟ್ಟು ಪಂಜರಗಳಲ್ಲೇ ಬೆಳೆದು ಬಂದದ್ದು. ಅವುಗಳ ತಾಯಿ, ಅಜ್ಜಿ, ಮುತ್ತಜ್ಜಿ ಯಾವುವೂ ಬೆಕ್ಕನ್ನು ಕಂಡವಲ್ಲ. ಆದರೂ ಬೆಕ್ಕಿನ ಕೊರಳಪಟ್ಟಿಯನ್ನೋ ಬೆಕ್ಕಿನ ಮೈಗೆ ಉಜ್ಜಿದ ಬಟ್ಟೆಯನ್ನೋ ಪಂಜರದೊಳಗೆ ಇಟ್ಟರೆ ಅವು ಮೂಲೆ ಸೇರುತ್ತವೆ. ಈ ಭಯ ಮೊದಲ ಸಲವೇ ಪೂರ್ಣವಾಗಿ ಬರುತ್ತದೆ, ಅಭ್ಯಾಸ ಬೇಕಾಗಿಲ್ಲ.

ಇಲಿಯ ಲೋಕ ಕಣ್ಣಿನದಕ್ಕಿಂತ ಮೂಗಿನದು. ಅದಕ್ಕೆ ವಾಸನೆ ಹಿಡಿಯುವ ಎರಡು ವ್ಯವಸ್ಥೆಗಳಿವೆ: ಗಾಳಿಯಲ್ಲಿ ತೇಲಿ ಬರುವುದನ್ನು ಹಿಡಿಯುವ ಮುಖ್ಯ ಮೂಗು, ಮತ್ತು ಮೂತಿ ತಾಗಿಸಿ ಮೂಸಿದಾಗ ಭಾರವಾದ ಅಣುಗಳನ್ನು ಹಿಡಿಯುವ ಇನ್ನೊಂದು ಅಂಗ. ಎರಡೂ ಬೇಟೆಗಾರರ ಸುಳಿವನ್ನು ಹಿಡಿಯಬಲ್ಲವು. ಮುಖ್ಯ ಮೂಗಿನೊಳಗೂ ಎಲ್ಲ ದಾರಿಗಳು ಒಂದೇ ಅಲ್ಲ ಎಂಬುದನ್ನು 2007ರಲ್ಲಿ ಜಪಾನಿನ ರೇಕೊ ಕೊಬಯಕಾವ ಮತ್ತು ಸಂಗಡಿಗರು ಇಲಿಯ ಚಿಕ್ಕ ಬಂಧುವಾದ ಚಿಟ್ಟಿಲಿಯಲ್ಲಿ ತೋರಿಸಿದರು. ಮೂಗಿನ ಒಂದು ಪಟ್ಟಿಯಲ್ಲಿರುವ, ಮೆದುಳಿನ ಘ್ರಾಣಭಾಗದ ಮೇಲ್ಬದಿಗೆ ಸುದ್ದಿ ಕಳಿಸುವ ಕೋಶಗಳನ್ನು ತಳಿವಿಜ್ಞಾನದ ಉಪಾಯದಿಂದ ಅವರು ಇಲ್ಲವಾಗಿಸಿದಾಗ, ಆ ಚಿಟ್ಟಿಲಿಗಳು ಬೇಟೆಗಾರ ಪ್ರಾಣಿಯ ವಾಸನೆಗೆ ಹೆದರುವುದನ್ನು ಬಿಟ್ಟವು. ಅವುಗಳಿಗೆ ವಾಸನೆ ತಿಳಿಯುತ್ತಿತ್ತು. ಅದೇ ವಾಸನೆಯನ್ನು ಅಹಿತವಾದ ಅನುಭವದ ಜೊತೆ ಸೇರಿಸಿದರೆ, ಉಳಿದ ಕೋಶಗಳ ಮೂಲಕ ಅದರಿಂದ ದೂರ ಸರಿಯುವುದನ್ನು ಕಲಿಯುತ್ತಲೂ ಇದ್ದವು. ಒಂದೇ ವಾಸನೆ, ಒಂದೇ ಮೂಗು, ಎರಡು ದಾರಿ; ಎರಡರ ಅಗಲಿಕೆ ಮೂಗಿನ ಹೊಸ್ತಿಲಲ್ಲೇ ಆರಂಭವಾಗುತ್ತದೆ.

ಇಲಿಯ ಮೆದುಳಿನೊಳಗೆ ಬೆಕ್ಕಿನ ವಾಸನೆಯ ಸುದ್ದಿ ಅಮಿಗ್ಡಲಕ್ಕೇ ಬರುತ್ತದೆ, ಆದರೆ ಹೊರಬದಿಯ ಗುಂಪಿಗಲ್ಲ, ಒಳಬದಿಯ ಗುಂಪಿಗೆ. ಅಲ್ಲಿಂದ ಅದು ಹೈಪೋಥಲಾಮಸ್‌ಗೆ ಇಳಿಯುತ್ತದೆ. ಹಸಿವು, ಬಾಯಾರಿಕೆ, ಮೈಕಾವು, ಕಾಮ ಮುಂತಾದ ಹಳೆಯ ಅಗತ್ಯಗಳನ್ನು ನೋಡಿಕೊಳ್ಳುವ ಈ ಭಾಗದಲ್ಲಿ ಬೇಟೆಗಾರರಿಂದ ಪಾರಾಗುವುದಕ್ಕೆಂದೇ ಕೋಶಗುಂಪುಗಳ ಒಂದು ಸರಣಿ ಇದೆ. ಬ್ರೆಜಿಲ್‌ನ ಸಾವ್ ಪಾವ್ಲೊ ನಗರದ ನ್ಯೂಟನ್ ಕಾಂಟೆರಾಸ್ ಈ ಸರಣಿಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. 1997ರಲ್ಲಿ ಅವರ ತಂಡ ಸರಣಿಯ ಹಿಂತುದಿಯಲ್ಲಿರುವ ಒಂದು ಸಣ್ಣ ಕೋಶಗುಂಪನ್ನು ಮಾತ್ರ ರಾಸಾಯನಿಕದಿಂದ ಹಾಳುಮಾಡಿ, ಇಲಿಗಳನ್ನು ಜೀವಂತ ಬೆಕ್ಕಿನ ಎದುರು ಇಟ್ಟಿತು. ಸ್ತಬ್ಧತೆಯೂ ಓಟವೂ ಬಹುಮಟ್ಟಿಗೆ ಇಲ್ಲವಾದವು. ಮುಂದಿನ ವರ್ಷಗಳ ಅಧ್ಯಯನಗಳಲ್ಲಿ ಇಂಥ ಇಲಿಗಳಿಗೆ ಆಘಾತದ ನಂತರ ಬರುವ ಭಯ ಹೆಚ್ಚು ಕಡಿಮೆ ಹಾಗೆಯೇ ಉಳಿದಿದ್ದುದು ಕಂಡಿತು. ಬೆಕ್ಕಿಗೆ ಹೆದರದ ಇಲಿ, ಆಘಾತಕ್ಕೆ ಹೆದರುವ ಇಲಿ, ಎರಡೂ ಒಂದೇ ಇಲಿ.

ಇದಕ್ಕೆ ಎದುರುಬದಿಯ ಸಾಕ್ಷ್ಯವೂ ಬೇಕಲ್ಲವೇ? ಅದು 2001ರಲ್ಲಿ ಸಿಕ್ಕಿತು. ನರಿಯ ಮಲದಿಂದ ಬೇರ್ಪಡಿಸಿದ ಟ್ರೈಮಿಥೈಲ್‌ಥಯಜೋಲಿನ್ ಎಂಬ ಕಟುವಾಸನೆಯ ರಾಸಾಯನಿಕಕ್ಕೆ ಇಲಿಗಳು ಕಲಿಯದೆಯೇ ಸ್ತಬ್ಧವಾಗುತ್ತವೆ. ಅಮೆರಿಕದ ವ್ಯಾಲೆಸ್ ಮತ್ತು ರೋಸೆನ್ ಅಮಿಗ್ಡಲದ ಹೊರಬದಿಯ ಗುಂಪನ್ನು ಹಾಳುಮಾಡಿದಾಗ ಆಘಾತದಿಂದ ಕಲಿತ ಭಯ ಕುಗ್ಗಿತು, ನರಿಯ ವಾಸನೆಯ ಭಯ ಕುಗ್ಗಲಿಲ್ಲ. 2003ರಲ್ಲಿ ಜರ್ಮನಿಯ ಮಾರ್ಕುಸ್ ಫೆಂಟ್ ಮತ್ತು ಸಂಗಡಿಗರು, ಅಮಿಗ್ಡಲದ ನೆರೆಯಲ್ಲಿ ಅದರ ವಿಸ್ತರಣೆಯಂತೆ ಇರುವ ಇನ್ನೊಂದು ಭಾಗವನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದರೆ ನರಿಯ ವಾಸನೆಯ ಸ್ತಬ್ಧತೆ ನಿಲ್ಲುತ್ತದೆ ಎಂದು ಕಂಡುಕೊಂಡರು. ಈ ರಾಸಾಯನಿಕವು ಬೇಟೆಗಾರನ ಸುಳಿವೆಂದೇ ಇಲಿಯನ್ನು ಹೆದರಿಸುತ್ತದೆಯೇ ಅಥವಾ ಬರೀ ಅಸಹ್ಯವಾದ ಘಾಟೇ ಎಂಬ ಬಗ್ಗೆ ಸಂಶೋಧಕರಲ್ಲಿ ವಾದವಿದೆ, ಬೆಕ್ಕಿನ ವಾಸನೆಗೂ ಇದಕ್ಕೂ ಇಲಿಗಳ ಪ್ರತಿಕ್ರಿಯೆಯಲ್ಲಿ ವ್ಯತ್ಯಾಸಗಳೂ ಇವೆ. ಆದರೂ ಒಂದನ್ನು ಕೆಡಿಸಿದರೆ ಇನ್ನೊಂದು ಉಳಿಯುತ್ತದೆ ಎಂಬ ಮೂಲ ಮಾತು ಎರಡೂ ಕಡೆಯಿಂದ ಗಟ್ಟಿಯಾಯಿತು.

ವಿಜ್ಞಾನಿಗಳ ಚಾಕುವಿಗಿಂತ ನಾಜೂಕಾಗಿ ಇದೇ ಕೆಲಸವನ್ನು ಮಾಡುವ ಒಂದು ಪರಾವಲಂಬಿ ಜೀವಿ ಪ್ರಕೃತಿಯಲ್ಲಿದೆ. ಟಾಕ್ಸೊಪ್ಲಾಸ್ಮ ಗೊಂಡಿ ಎಂಬ ಈ ಏಕಕೋಶ ಜೀವಿ ಇಲಿಯ ದೇಹದಲ್ಲಿ ಬದುಕಬಲ್ಲದಾದರೂ, ಅದರ ಲೈಂಗಿಕ ಸಂತಾನೋತ್ಪತ್ತಿ ನಡೆಯುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಸೋಂಕು ತಗಲಿದ ಇಲಿಗಳು ಬೆಕ್ಕಿನ ವಾಸನೆಯಿಂದ ದೂರ ಸರಿಯುವುದನ್ನು ಬಿಡುತ್ತವೆ ಎಂದು 2000ದಲ್ಲಿ ಆಕ್ಸ್‌ಫರ್ಡ್‌ನ ತಂಡವೊಂದು ವರದಿ ಮಾಡಿತ್ತು. 2007ರಲ್ಲಿ ಅಜಯ್ ವ್ಯಾಸ್, ರಾಬರ್ಟ್ ಸಪೋಲ್ಸ್ಕಿ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್‌ನಲ್ಲಿ ಕೇಳಿದ ಪ್ರಶ್ನೆ ಹೆಚ್ಚು ಸೂಕ್ಷ್ಮವಾದದ್ದು: ಈ ಇಲಿಗಳು ಭಯವನ್ನೇ ಕಳೆದುಕೊಂಡಿವೆಯೇ, ಬೆಕ್ಕಿನ ಭಯವನ್ನು ಮಾತ್ರವೇ? ಉತ್ತರ ಬೆರಗುಗೊಳಿಸುವಂತಿತ್ತು. ಬೆಕ್ಕಿನ ಮೂತ್ರದ ವಾಸನೆಯ ಭಯ ಹೋಗಿ ಅದರ ಜಾಗದಲ್ಲಿ ಒಂದು ಬಗೆಯ ಆಕರ್ಷಣೆಯೇ ಬಂದಿತ್ತು, ಆದರೆ ಆಘಾತದಿಂದ ಕಲಿಯುವ ಭಯ, ಬಯಲು ಜಾಗಕ್ಕೆ ಅಂಜುವ ಸ್ವಭಾವ, ಬೇರೆ ವಾಸನೆಗಳನ್ನು ಗುರುತಿಸುವ ಶಕ್ತಿ ಎಲ್ಲವೂ ಸುರಕ್ಷಿತವಾಗಿದ್ದವು. ಈ ಅಜಯ್ ವ್ಯಾಸ್ ಸಂಶೋಧನೆಯ ಅಕ್ಷರಾಭ್ಯಾಸ ಮಾಡಿದ್ದು ನಮ್ಮ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಎನ್‌ಸಿಬಿಎಸ್ ಎಂದೇ ಪರಿಚಿತವಾದ ಸಂಸ್ಥೆಯಲ್ಲಿ. ಆ ಕೆಲಸಕ್ಕೆ ಮುಂದೆ ಬರುತ್ತೇನೆ.

ಎರಡು ಭಯಗಳೂ ಒಟ್ಟಿಗೆ ಬಂದರೆ? ಹೊರಬೀಳುವ ಬಾಗಿಲು ಒಂದೇ ಆಗಿರುವಾಗ ಈ ಪ್ರಶ್ನೆ ತಪ್ಪಿದ್ದಲ್ಲ. 2015ರಲ್ಲಿ ಕೊಬಯಕಾವ ಅವರ ತಂಡ ಇದನ್ನೂ ಚಿಟ್ಟಿಲಿಗಳಲ್ಲಿ ಪರೀಕ್ಷಿಸಿತು. ಹುಟ್ಟಿನಿಂದ ಹೆದರಿಸುವ ವಾಸನೆಯೂ, ಆಘಾತದಿಂದ ಹೆದರಲು ಕಲಿತ ವಾಸನೆಯೂ ಒಮ್ಮೆಗೇ ಎದುರಾದಾಗ ಜನ್ಮಜಾತ ಭಯದ ಕೈ ಮೇಲಾಗಿ ಕಲಿತ ಭಯ ಹಿಂದೆ ಸರಿಯಿತು. ಇದರ ಕೀಲಿ ಇದ್ದದ್ದು ಅಮಿಗ್ಡಲದ ಮಧ್ಯದ ಗುಂಪಿನಲ್ಲಿ, ಸಿರೊಟೋನಿನ್ ಎಂಬ, ನರಕೋಶಗಳ ನಡುವೆ ಸಂಕೇತ ಒಯ್ಯುವ ರಾಸಾಯನಿಕದ ಒಂದು ಬಗೆಯ ಗ್ರಾಹಕವನ್ನು ಹೊತ್ತ ಕೋಶಗಳಲ್ಲಿ. ಜನ್ಮಜಾತ ಭಯದ ವಾಸನೆ ಬಂದಾಗ ಈ ಕೋಶಗಳ ಚಟುವಟಿಕೆ ತಗ್ಗುತ್ತದೆ. ತಗ್ಗಿದಾಗ ಜನ್ಮಜಾತ ಸ್ತಬ್ಧತೆ ಏರುತ್ತದೆ, ಕಲಿತ ಸ್ತಬ್ಧತೆ ಇಳಿಯುತ್ತದೆ. ತಕ್ಕಡಿಯ ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯುವಂತೆ. ಬೋನಿನ ನೆನಪಿನಿಂದ ನಡುಗುತ್ತಿರುವ ಪ್ರಾಣಿಯ ಮುಂದೆ ನಿಜವಾದ ಬೆಕ್ಕು ಬಂದರೆ ಅದು ಬೆಕ್ಕನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಬದುಕಿನ ದೃಷ್ಟಿಯಿಂದ ಸರಿಯಾದ ಏರ್ಪಾಡೇ ಆಗಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಎರಡರ ನಡುವೆ ಗೋಡೆಯಿದೆ ಎಂದು ತಿಳಿಯಬಾರದು. ಬೆಕ್ಕು ಕಂಡ ಜಾಗಕ್ಕೆ ಮರುದಿನ ಬೆಕ್ಕಿಲ್ಲದಿದ್ದರೂ ಇಲಿ ಅಂಜಿಕೊಂಡೇ ಬರುತ್ತದೆ. ಇಲ್ಲಿ ಗುರುವಿನ ಸ್ಥಾನದಲ್ಲಿರುವುದು ವಿದ್ಯುತ್ ಆಘಾತವಲ್ಲ, ಜನ್ಮಜಾತ ಭಯವೇ. ಕಾಂಟೆರಾಸ್ ಅವರು ಗುರುತಿಸಿದ ಹೈಪೋಥಲಾಮಸ್‌ನ ಅದೇ ಕೋಶಗುಂಪು ಮೇಲ್ಮುಖವಾಗಿ ಥಲಾಮಸ್‌ಗೆ ಕಳಿಸುವ ಸುದ್ದಿ ಈ ಪಾಠಕ್ಕೆ ಅಗತ್ಯವೆಂದು ತಿಳಿದುಬಂದಿದೆ. ಕಲಿಕೆಗೂ ಹುಟ್ಟಿನ ಬೇಲಿಗಳಿವೆ. 1966ರಲ್ಲಿ ಜಾನ್ ಗಾರ್ಸಿಯಾ ಮತ್ತು ಕೋಲಿಂಗ್ ತೋರಿಸಿದಂತೆ, ಹೊಟ್ಟೆ ತೊಳಸುವಂತಾದರೆ ಇಲಿ ಅದನ್ನು ತಿಂದ ರುಚಿಗೆ ಜೋಡಿಸುತ್ತದೆ, ಬೆಳಕಿಗೋ ಸದ್ದಿಗೋ ಜೋಡಿಸುವುದಿಲ್ಲ. ಪಾದಕ್ಕೆ ಆಘಾತವಾದರೆ ಬೆಳಕು ಮತ್ತು ಸದ್ದಿಗೆ ಜೋಡಿಸುತ್ತದೆ, ರುಚಿಗಲ್ಲ. ಒಮ್ಮೆ ವಿಷದ ತುಣುಕನ್ನು ಸ್ವಲ್ಪ ತಿಂದು ಬದುಕಿದ ಇಲಿ ಮತ್ತೆ ಆ ರುಚಿಯನ್ನು ಮುಟ್ಟದಿರುವುದಕ್ಕೆ, ಯಾರ್ಡ್‌ನ ವರ್ತಕರು ಪಾಷಾಣವನ್ನು ಬದಲಿಸುತ್ತಿರಬೇಕಾಗುವುದಕ್ಕೆ, ಕಾರಣ ಇದೇ. ಯಾವುದನ್ನು ಯಾವುದರ ಜೊತೆ ಸುಲಭವಾಗಿ ಕಲಿಯಬಹುದು ಎಂಬುದೇ ಹುಟ್ಟಿನಿಂದ ನಿಗದಿಯಾಗಿದೆ.

ಕಲಿತದ್ದನ್ನು ಅಳಿಸುವುದು ಮಾತ್ರ ಎಣಿಸಿದಷ್ಟು ಸುಲಭವಲ್ಲ. ಆಘಾತವಿಲ್ಲದೆ ಶಬ್ದವನ್ನಷ್ಟೇ ಮತ್ತೆ ಮತ್ತೆ ಕೇಳಿಸಿದರೆ ಇಲಿ ಹೆದರುವುದನ್ನು ನಿಲ್ಲಿಸುತ್ತದೆ. ಆದರೆ ಕೆಲವು ವಾರ ಕಳೆದರೆ, ಅಥವಾ ಜಾಗ ಬದಲಾದರೆ, ಭಯ ಮರಳುತ್ತದೆ. ಹಳೆಯ ಬರಹ ಅಳಿಯುವುದಿಲ್ಲ. ಈಗ ಅಪಾಯವಿಲ್ಲ ಎಂಬ ಹೊಸ ಪಾಠವೊಂದು ಅದನ್ನು ಅದುಮಿಟ್ಟಿರುತ್ತದೆ. ಹೊಸ ಪಾಠವನ್ನು ಕಾಯುವುದು ಮೆದುಳಿನ ಹಣೆಬದಿಯ ಹೊರಪದರದ ಕೆಳಭಾಗ. ಪೋರ್ಟೊರಿಕೊದ ಮೊಹಮ್ಮದ್ ಮಿಲಾದ್ ಮತ್ತು ಗ್ರೆಗರಿ ಕ್ವಿರ್ಕ್ 2002ರಲ್ಲಿ, ಅಲ್ಲಿನ ಕೋಶಗಳು ಭಯ ತಗ್ಗಿದ ನಂತರವೇ ಆ ಶಬ್ದಕ್ಕೆ ಮಿಡಿಯತೊಡಗುತ್ತವೆ ಎಂದು ಇಲಿಗಳಲ್ಲಿ ತೋರಿಸಿದರು.

ಬೆಂಗಳೂರಿನ ಕೆಲಸ ಇಲ್ಲಿಗೆ ಬಂದು ಕೂಡುತ್ತದೆ. 2002ರಲ್ಲಿ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ಅವರ ಪ್ರಯೋಗಾಲಯದಲ್ಲಿ ಅಜಯ್ ವ್ಯಾಸ್ ಮತ್ತು ರೂಪ್ಶಿ ಮಿತ್ರ, ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಅವರ ಜೊತೆಗೂಡಿ, ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗದಂತೆ ಹಿಡಿದಿಟ್ಟು ಒತ್ತಡಕ್ಕೆ ಒಳಪಡಿಸಿ, ಅನಂತರ ಮೆದುಳಿನ ಕೋಶಗಳ ಕವಲುಗಳನ್ನು ಅಳೆದರು. ದೀರ್ಘಕಾಲದ ಒತ್ತಡದಿಂದ ಹಿಪ್ಪೊಕ್ಯಾಂಪಸ್‌ನ ಕೋಶಗಳು ಸೊರಗುತ್ತವೆ ಎಂಬುದು ಆಗಲೇ ತಿಳಿದಿತ್ತು. ಅದೇ ಇಲಿಗಳ ಅಮಿಗ್ಡಲದ ಬುಡ ಮತ್ತು ಹೊರಬದಿಯ ಗುಂಪುಗಳಲ್ಲಿ ಕವಲುಗಳು ಸೊರಗಿರಲಿಲ್ಲ, ಬೆಳೆದಿದ್ದವು. ಜಾಗವನ್ನು ವಿವೇಚಿಸಿ ನೆನಪಿಡುವ ಭಾಗ ಕುಗ್ಗುತ್ತದೆ, ಭಯವನ್ನು ಬರೆದುಕೊಳ್ಳುವ ಭಾಗ ಹಿಗ್ಗುತ್ತದೆ. ಇನ್ನೂ ಮೂರು ವರ್ಷಗಳ ಬಳಿಕ ಇದೇ ಪ್ರಯೋಗಾಲಯದಿಂದ ಬಂದ ಇನ್ನೊಂದು ಫಲಿತಾಂಶ ನನ್ನನ್ನು ಹೆಚ್ಚು ಕಾಡಿದೆ: ಒಂದೇ ಒಂದು ಸಲದ 2 ಗಂಟೆಯ ಒತ್ತಡದ ಮರುದಿನ ಅಮಿಗ್ಡಲದಲ್ಲಿ ಏನೂ ಕಾಣಲಿಲ್ಲ, 10 ದಿನಗಳ ನಂತರ ನೋಡಿದರೆ ಸಂಧಿಗಳನ್ನು ಹೊರುವ ಮುಳ್ಳುಗಳು ಹೆಚ್ಚಿದ್ದವು, ಇಲಿಗಳ ಆತಂಕವೂ ಹೆಚ್ಚಿತ್ತು. ಅಪಘಾತವನ್ನೋ ಹಿಂಸೆಯನ್ನೋ ಕಂಡವರು ಆ ವಾರ ಚೆನ್ನಾಗಿಯೇ ಇದ್ದು, ತಿಂಗಳಾದ ಮೇಲೆ ಕುಸಿಯುವುದನ್ನು ಹತ್ತಿರದಿಂದ ಬಲ್ಲವರಿಗೆ ಈ 10 ದಿನಗಳ ಮೌನದ ಮಹತ್ವ ತಿಳಿಯುತ್ತದೆ.

2015ರಲ್ಲಿ ಸುಪ್ರಿಯ ಘೋಷ್ ಮತ್ತು ಚಟರ್ಜಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಇಲಿಗಳಿಗೆ ಎರಡು ಬೇರೆ ಶ್ರುತಿಯ ಶಬ್ದಗಳನ್ನು ಕೇಳಿಸಿ, ಒಂದರ ಜೊತೆಗೆ ಮಾತ್ರ ಆಘಾತ ಕೊಟ್ಟರು. ಆಘಾತ ಸೌಮ್ಯವಾಗಿದ್ದಾಗ ಇಲಿಗಳು ಆ ಒಂದೇ ಶಬ್ದಕ್ಕೆ ಸ್ತಬ್ಧವಾದವು. ಆಘಾತ ಬಲವಾದಾಗ ಎರಡೂ ಶಬ್ದಗಳಿಗೆ ಸ್ತಬ್ಧವಾದವು. ಹೊರಬದಿಯ ಗುಂಪಿನ ಒಂದೊಂದೇ ನರಕೋಶದ ಮಿಡಿತವನ್ನು ಕೇಳಿದಾಗ, ಮೊದಲು ಅಪಾಯದ ಶಬ್ದಕ್ಕೆ ಮಾತ್ರ ಉತ್ತರಿಸುತ್ತಿದ್ದ ಕೋಶಗಳು ಈಗ ನಿರಪಾಯದ ಶಬ್ದಕ್ಕೂ ಉತ್ತರಿಸುತ್ತಿದ್ದವು. ಹಾವು ಕಡಿದವನಿಗೆ ಹಗ್ಗ ಕಂಡರೂ ಭಯ ಎಂಬ ನಮ್ಮ ಗಾದೆಯಲ್ಲಿ ಹಾವು ಹಗ್ಗವಾಗುವ ಜಾಗ ಯಾವುದೆಂದು ಕೇಳಿದರೆ, ಈ ಕೋಶಗಳನ್ನು ತೋರಿಸಬಹುದು. ಜನ್ಮಜಾತ ಭಯಕ್ಕೆ ಈ ದೋಷ ಸುಲಭವಾಗಿ ಅಂಟುವುದಿಲ್ಲ, ಏಕೆಂದರೆ ಅದರ ಬೀಗಕ್ಕೆ ಹೊಂದುವ ಅಣುಗಳು ಮೊದಲೇ ಗೊತ್ತಾಗಿವೆ. ಏನನ್ನು ಬೇಕಾದರೂ ಬರೆದುಕೊಳ್ಳಬಲ್ಲ ಶಕ್ತಿ ಇರುವ ಕಡೆಯಲ್ಲೇ ತಪ್ಪಾಗಿ ಬರೆದುಕೊಳ್ಳುವ ಅಪಾಯವೂ ಇದೆ.

ಮನುಷ್ಯರಿಗೆ ಇದು ಎಷ್ಟು ಅನ್ವಯಿಸುತ್ತದೆ ಎಂದು ಕೇಳುವುದು ನ್ಯಾಯವೇ. ಲೆಡೂ ಅವರೇ ಇತ್ತೀಚಿನ ವರ್ಷಗಳಲ್ಲಿ, ಇಲಿಯಲ್ಲಿ ನಾವು ಅಳೆಯುವುದು ಅಪಾಯಕ್ಕೆ ಮೈ ಕೊಡುವ ರಕ್ಷಣೆಯನ್ನೇ ಹೊರತು ನಾವು ಅನುಭವಿಸುವ ಭಯವೆಂಬ ಭಾವವನ್ನಲ್ಲ ಎಂದು ಎಚ್ಚರಿಸುತ್ತ ಬಂದಿದ್ದಾರೆ, ಆ ಎಚ್ಚರಿಕೆ ಯೋಗ್ಯವಾದದ್ದು. ಆದರೂ ದಾರಿಗಳು ಬೇರೆ ಬೇರೆ ಎಂಬ ಮಾತು ಮನುಷ್ಯರಲ್ಲೂ ನಿಲ್ಲುತ್ತದೆ ಎಂಬುದಕ್ಕೆ ಒಂದು ಸಾಕ್ಷ್ಯವಿದೆ. ಅಪರೂಪದ ಕಾಯಿಲೆಯಿಂದ ಎರಡೂ ಕಡೆಯ ಅಮಿಗ್ಡಲ ಹಾಳಾದ ಮೂವರನ್ನು ಅಮೆರಿಕದಲ್ಲಿ 2013ರಲ್ಲಿ ಪರೀಕ್ಷಿಸಲಾಯಿತು. ಅವರಲ್ಲಿ ಒಬ್ಬ ಮಹಿಳೆ ಹಾವಿಗಾಗಲಿ, ಜೀವ ಬೆದರಿಕೆಗಾಗಲಿ ಹೆದರದವರೆಂದು ಹಿಂದಿನ ಅಧ್ಯಯನಗಳಲ್ಲಿ ದಾಖಲಾಗಿದ್ದವರು. 35 ಶೇಕಡಾ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಒಮ್ಮೆ ಉಸಿರಾಡಿಸಿದಾಗ ಮೂವರೂ ತೀವ್ರವಾದ ದಿಗಿಲಿಗೆ ಒಳಗಾದರು. ಉಸಿರು ಕಟ್ಟುವ ಅಪಾಯವನ್ನು ಅರಿಯುವ ಬಾಗಿಲು ಅಮಿಗ್ಡಲದ ಮೂಲಕ ಹೋಗಬೇಕಾಗಿರಲಿಲ್ಲ. ಅಪಘಾತದ ನೆನಪಿನಿಂದ ರಸ್ತೆ ದಾಟಲು ಅಂಜುವವರಿಗೂ, ಕಾರಣವಿಲ್ಲದೆ ಉಸಿರು ಸಿಕ್ಕಿಕೊಂಡಂತಾಗಿ ನಡುರಾತ್ರಿ ಎದ್ದು ಕೂರುವವರಿಗೂ ಒಂದೇ ಮದ್ದನ್ನು ಹುಡುಕುವಾಗ, ಆ ಮದ್ದನ್ನು ಇಲಿಯ ಯಾವ ಭಯದ ಮೇಲೆ ಪರೀಕ್ಷಿಸಲಾಗಿತ್ತು ಎಂದು ಮೊದಲು ಕೇಳಬೇಕಾಗುತ್ತದೆ.